ಅಂಕಿಯ ಕಾಲದಲ್ಲಿ ಅಂಕಿತ

1967ರಲ್ಲಿ ಬೆಂಗಳೂರಿನ ಒಂದು ಆನೆಮರಿ ವಿಮಾನವೇರಿ ಯುರೋಪಿಗೆ ಹೋಯಿತು. ಕಳಿಸಿದವರು ಏರ್ ಇಂಡಿಯಾದವರು, ಬೇಡಿ ತರಿಸಿಕೊಂಡವನು ಸ್ಪೇನ್ ದೇಶದ ಚಿತ್ರಕಾರ ಸಾಲ್ವದೋರ್ ದಾಲಿ. ತಮ್ಮ ಗಣ್ಯ ಪ್ರಯಾಣಿಕರಿಗೆ ಕಾಣಿಕೆ ಕೊಡುವುದಕ್ಕಾಗಿ ಏರ್ ಇಂಡಿಯಾದವರು ಅವನಿಂದ ಪಿಂಗಾಣಿಯ ಒಂದು ಆಶ್‌ಟ್ರೇ ವಿನ್ಯಾಸ ಮಾಡಿಸಿದ್ದರು. ಅದರ ಸಂಭಾವನೆಯಾಗಿ ದಾಲಿ ಹಣ ಕೇಳಲಿಲ್ಲ, ಆನೆಮರಿ ಕೇಳಿದ. ಜಿನೀವಾದಲ್ಲಿ ಇಳಿದ ಮರಿಯನ್ನು ಲಾರಿಯಲ್ಲಿ ದಾಲಿ ವಾಸವಾಗಿದ್ದ ಕಡಲತೀರದ ಕಡಾಕೆಸ್ ಊರಿಗೆ ಒಯ್ದರು. ಕೆಲಕಾಲದ ಮೇಲೆ ಅದು ವೆಲೆನ್ಸಿಯಾದ ಮೃಗಾಲಯ ಸೇರಿತು.

ಆ ಆಶ್‌ಟ್ರೇಯ ರಚನೆ ನೋಡುವಂಥದು. ಚಿಪ್ಪಿನಾಕಾರದ ಬಟ್ಟಲು, ಅದನ್ನು ಆನೆಯ ತಲೆಗಳೂ ಹಂಸವೂ ಹೊತ್ತಿವೆ. ಬುಡಮೇಲು ಮಾಡಿ ಇಟ್ಟರೆ ಹಂಸವಿದ್ದದ್ದು ಆನೆಯ ತಲೆಯಾಗುತ್ತದೆ, ಆನೆಯ ಸೊಂಡಿಲು ಹಂಸದ ಕೊರಳಾಗುತ್ತದೆ. ಇದು ದಾಲಿಗೆ ಹಳೆಯ ಆಟ. 1937ರಲ್ಲಿಯೇ ಅವನು ಕೊಳದ ಮೇಲೆ ತೇಲುವ ಹಂಸಗಳ ನೆರಳು ನೀರಿನಲ್ಲಿ ಆನೆಗಳಾಗಿ ಕಾಣುವ ಚಿತ್ರ ಬರೆದಿದ್ದ. ಒಂದೇ ಗೆರೆ, ಎರಡು ರೂಪ. ಯಾವುದು ನಿಜ ಎಂದು ಕೇಳಿದರೆ ಎರಡೂ ನಿಜ.

ಇಂಥ ಚಿತ್ರಗಳ ಪಂಥಕ್ಕೆ ಸರ್ರಿಯಲಿಸಂ ಎಂದು ಹೆಸರು. ಕನ್ನಡದಲ್ಲಿ ಅತಿವಾಸ್ತವವಾದ ಎನ್ನುತ್ತೇವೆ. ಇದನ್ನು ತಲೆಕೆಟ್ಟವರ ಆಟವೆಂದು ತಳ್ಳಿಹಾಕುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಇದು ಹುಟ್ಟಿದ್ದು ಯುದ್ಧದ ನೋವಿನಿಂದ. ಪಂಥದ ನಾಯಕನಾದ ಫ್ರಾನ್ಸಿನ ಕವಿ ಆಂದ್ರೆ ಬ್ರೆತೋನ್ ಮೊದಲ ಮಹಾಯುದ್ಧದ ಕಾಲದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ. ರಣರಂಗದಿಂದ ಮನಸ್ಸು ಮುರಿದು ಬಂದ ಸೈನಿಕರನ್ನು ಇರಿಸಿದ್ದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ. ಅವರ ಬಡಬಡಿಕೆಯಲ್ಲಿ, ಕನಸುಗಳಲ್ಲಿ ಅವನಿಗೆ ಒಂದು ಸತ್ಯ ಕೇಳಿಸಿತು. ಕನಸಿಗೆ ಅರ್ಥವಿದೆ ಎಂದು ವಿಯೆನ್ನಾದ ಫ್ರಾಯ್ಡ್ ಆಗಲೇ ದೊಡ್ಡ ಗ್ರಂಥ ಬರೆದಿದ್ದ. ಬುದ್ಧಿವಂತರೆನಿಸಿಕೊಂಡ ಜನ ಲೆಕ್ಕ ಹಾಕಿ ಲಕ್ಷಗಟ್ಟಲೆ ತರುಣರನ್ನು ಕಂದಕಗಳಿಗೆ ನೂಕಿದ್ದನ್ನು ಕಂಡವರಿಗೆ ಆ ಬುದ್ಧಿಯ ಮೇಲೆಯೇ ನಂಬಿಕೆ ಹೋಗಿತ್ತು. 1924ರಲ್ಲಿ ಬ್ರೆತೋನ್ ತನ್ನ ಪ್ರಣಾಳಿಕೆ ಪ್ರಕಟಿಸಿ, ಕನಸು ಮತ್ತು ಎಚ್ಚರಗಳನ್ನು ಒಂದುಗೂಡಿಸುವ ಕಲೆ ಬೇಕೆಂದು ಸಾರಿದ. ದಾಲಿ, ಮ್ಯಾಕ್ಸ್ ಅರ್ನ್‌ಸ್ಟ್, ಬೆಲ್ಜಿಯಂನ ಮಾಗ್ರಿಟ್ ಮೊದಲಾದವರು ಈ ದಾರಿಯಲ್ಲಿ ನಡೆದರು. ಅವರ ಚಿತ್ರಗಳ ವಿಚಿತ್ರದ ಹಿಂದೆ ಹೀಗೆ ಒಂದು ಕಾಲದ ಗಾಯವಿತ್ತು.

ಒಂದೇ ಗೆರೆಯಲ್ಲಿ ಎರಡು ರೂಪ ಕಾಣಿಸುವ ವಿದ್ಯೆ ನೋಡಲು ಕಡಾಕೆಸ್‌ಗೆ ಹೋಗಬೇಕಿಲ್ಲ. ಸೊಲ್ಲಾಪುರದಿಂದ ಹೊಟಗಿ, ವಿಜಯಪುರ, ಬಾಗಲಕೋಟೆಯ ಮೇಲೆ ಗದಗಕ್ಕೆ ಹೋಗುವ ರೈಲಿನಲ್ಲಿ ಕುಳಿತರೆ ಬಾದಾಮಿ ಸಿಗುತ್ತದೆ. ಅಲ್ಲಿಯ ಒಂದನೆಯ ಗುಹೆಯ ಬಾಗಿಲಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನಿದ್ದಾನೆ. ಅವನ ಕೆಳಗೆ ಒಂದು ಪುಟ್ಟ ಕೆತ್ತನೆ: ಆನೆ ಮತ್ತು ಎತ್ತು, ಎರಡಕ್ಕೂ ತಲೆ ಒಂದೇ. ಒಂದು ಕಡೆಯ ಮೈ ಮುಚ್ಚಿ ನೋಡಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಎತ್ತು. ಇದನ್ನು ವೃಷಭಕುಂಜರ ಎನ್ನುತ್ತಾರೆ. ಚಾಲುಕ್ಯರ ಶಿಲ್ಪಿ ಇದನ್ನು ಕಡೆದದ್ದು 6ನೆಯ ಶತಮಾನದಲ್ಲಿ. ದಾಲಿಯ ಹಂಸಗಳಿಗಿಂತ ಸುಮಾರು 1,350 ವರುಷ ಮೊದಲು. ತಮಿಳುನಾಡಿನ ದಾರಾಸುರದ ಚೋಳರ ಗುಡಿಯಲ್ಲಿಯೂ ಇಂಥದೇ ಶಿಲ್ಪವಿದೆ.

ಆದಿಲಶಾಹಿ ವಿಜಾಪುರದ ಚಿತ್ರಗಳಲ್ಲಿಯೂ ಈ ಕನಸಿನ ಗುಣವುಂಟು. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, 17ನೆಯ ಶತಮಾನದ ಆರಂಭಕ್ಕೆ ಬರೆದ ಯೋಗಿನಿಯ ಚಿತ್ರವೊಂದು ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಯೋಗಿನಿಯ ಕೈಮೇಲೆ ಮೈನಾ ಹಕ್ಕಿ. ಅವಳ ಎತ್ತರಕ್ಕೆ ಪೈಪೋಟಿಯಾಗಿ ನಿಂತ ಹೂಗಿಡಗಳು. ದೂರದ ಗುಡ್ಡದ ಮೇಲೆ ಅರಮನೆ. ಕಣ್ಣಿನ ಅಳತೆಗೆ ಯಾವುದೂ ಸರಿಯಲ್ಲ, ಆದರೂ ಒಂದನ್ನೂ ಸರಿಸಲು ಮನಸ್ಸಾಗುವುದಿಲ್ಲ.

ಮಾತಿನಲ್ಲಿ ಇದೇ ಕೆಲಸವನ್ನು ಮಾಡಿದವರು ನಮ್ಮ ಶರಣರು. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿ ಸಣ್ಣದು ದೊಡ್ಡದನ್ನು ನುಂಗುತ್ತದೆ, ಬೆಂಕಿ ನೀರುಗಳು ತಮ್ಮ ಸ್ವಭಾವ ಬಿಡುತ್ತವೆ, ಸತ್ತದ್ದು ನಡೆಯುತ್ತದೆ. ಮೇಲುನೋಟಕ್ಕೆ ಹುಚ್ಚುಮಾತು. ಆದರೆ ನಮ್ಮ ಹಿರಿಯರು ಅದನ್ನು ಹುಚ್ಚೆಂದು ಬಿಡಲಿಲ್ಲ, ಸುಮ್ಮನೆ ಬೆರಗಾಗಿಯೂ ಕೂಡಲಿಲ್ಲ. ಒಂದೊಂದು ಬೆಡಗಿಗೂ ಟೀಕೆ ಬರೆದರು. ಈ ಪ್ರಾಣಿ ಯಾವ ಇಂದ್ರಿಯ, ಈ ಊರು ಯಾವ ದೇಹ, ಈ ಬೆಂಕಿ ಯಾವ ಅರಿವು ಎಂದು ಬಿಡಿಸಿ ಇಟ್ಟರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಆ ವಚನಗಳಿಗೆ ಸಂದರ್ಭ ಸಿಕ್ಕಿತು, ಎದುರಿಗೆ ನಿಂತು ಪ್ರಶ್ನೆ ಕೇಳುವವರು ಸಿಕ್ಕರು. ಅದರಲ್ಲಿ ಒಂದು ಮುಖ್ಯ ಪ್ರಸಂಗ ನಡೆಯುವುದು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ. ಕೆರೆ ಕಟ್ಟಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸಿದ್ಧರಾಮರ ಎದುರಿಗೆ ಅಲ್ಲಮರು ಬಂದು ನಿಲ್ಲುತ್ತಾರೆ, ವಾದಿಸುತ್ತಾರೆ, ಕೊನೆಗೆ ಅವರನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತಾರೆ.

ಅಲ್ಲಮರನ್ನು ಪ್ಯಾರಿಸಿನ ಪಂಥಕ್ಕೆ ಸೇರಿಸುವುದು ನನ್ನ ಉದ್ದೇಶವಲ್ಲ. ಅಲ್ಲಿಯವರು ಮನಸ್ಸಿನ ಕೆಳಗಿನ ಕತ್ತಲೆಗೆ ಇಳಿದರು. ಅಲ್ಲಮರು ಮನಸ್ಸನ್ನೇ ದಾಟಲು ಹೊರಟವರು. ಆದರೂ ಒಂದು ಮಾತಿನಲ್ಲಿ ಇಬ್ಬರೂ ಸಮೀಪ. ರೂಢಿಯ ಅರ್ಥವನ್ನು ಮುರಿದದ್ದು ಒಂದು ಬಿಡುಗಡೆಗಾಗಿ, ಮತ್ತು ಮುರಿದವರು ತಮ್ಮ ಗುರುತು ಹಾಕಿ ಮುರಿದರು. ಬೆಡಗಿನ ವಚನ ಎಷ್ಟು ಕಗ್ಗಂಟಾಗಿದ್ದರೂ ಕೊನೆಯಲ್ಲಿ ಗುಹೇಶ್ವರ ಎಂಬ ಅಂಕಿತವಿರುತ್ತದೆ. ಸಿದ್ಧರಾಮರದಾದರೆ ಕಪಿಲಸಿದ್ಧಮಲ್ಲಿಕಾರ್ಜುನ. ಈ ಮಾತಿಗೆ ನಾನು ಹೊಣೆ, ಬಂದು ಕೇಳು ಎಂಬುದು ಅಂಕಿತದ ಅರ್ಥ. ಬಾದಾಮಿಯ ಎತ್ತು-ಆನೆಯ ಪಕ್ಕದಲ್ಲಿ ಶಿಲ್ಪಿಯ ಹೆಸರು ನಮಗೆ ಕಾಣದಿದ್ದರೂ ಆ ಬಂಡೆ, ಆ ಬಾಗಿಲು, ಅದರ ಪಕ್ಕದ ಹದಿನೆಂಟು ಕೈಗಳ ನಟರಾಜ, ಇವೆಲ್ಲ ಸೇರಿ ಅದಕ್ಕೊಂದು ಮನೆತನ ಕೊಟ್ಟಿವೆ. ಮಲಯಾಳಂ ಬಲ್ಲ ಓದುಗರು ಕೆ. ಸಿ. ಎಸ್. ಪಣಿಕ್ಕರರ 'ಪದಗಳು ಮತ್ತು ಸಂಕೇತಗಳು' ಮಾಲೆಯ ಚಿತ್ರಗಳನ್ನು ನೆನೆಯಬಹುದು. 1960ರ ದಶಕದಲ್ಲಿ ಬರೆದ ಆ ಚಿತ್ರಗಳಲ್ಲಿ ಜಾತಕದ ಮನೆಗಳಿವೆ, ಮಲಯಾಳಂ ಲಿಪಿಯಂತೆ ಕಾಣುವ ಆದರೆ ಓದಲಾಗದ ಬರಹವಿದೆ. ಓದಲು ಬಾರದಿದ್ದರೂ ಅದು ಯಾವ ಮಣ್ಣಿನ ಬರಹವೆಂಬುದು ತಿಳಿಯುತ್ತದೆ.

ಇನ್ನು ನಮ್ಮ ಕಾಲದ ಮಾತು. ಡಿಜಿಟಲ್ ಎಂಬುದಕ್ಕೆ ಕನ್ನಡದಲ್ಲಿ ಅಂಕೀಯ ಎಂಬ ಪದ ಬಳಕೆಯಲ್ಲಿದೆ. ಈ ಅಂಕಿಯ ವಿದ್ಯೆಯೂ ಸೊಲ್ಲಾಪುರದವರಿಗೆ ಪೂರ್ತಿ ಹೊರಗಿನದಲ್ಲ. 2005ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಸೊಲ್ಲಾಪುರದ ಚಾದರದ ಮೇಲೆ ನವಿಲು, ಹೂಬಳ್ಳಿ ಮೂಡುವುದು ಜಕಾರ್ಡ್ ಮಗ್ಗದಿಂದ. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬವನು 1804ರಲ್ಲಿ ಅದನ್ನು ಸಿದ್ಧಪಡಿಸಿದ. ರಟ್ಟಿನ ಹಾಳೆಯಲ್ಲಿ ತೂತಿದ್ದಲ್ಲಿ ಒಂದು ನೂಲು ಏಳುತ್ತದೆ, ತೂತಿಲ್ಲದಲ್ಲಿ ಏಳುವುದಿಲ್ಲ. ಹೌದು ಮತ್ತು ಇಲ್ಲ ಎಂಬ ಎರಡೇ ಮಾತಿನಿಂದ ನವಿಲು ಬರುತ್ತದೆ. ಇದೇ ತೂತಿನ ಹಾಳೆಗಳನ್ನು ಬಳಸಿ ಗಣಿತದ ಯಂತ್ರ ಕಟ್ಟಲು ಇಂಗ್ಲೆಂಡಿನ ಬ್ಯಾಬೇಜ್ ಯೋಜನೆ ಹಾಕಿದ. ಅದರ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಎಂಬ ಮಹಿಳೆ, ಮಗ್ಗ ಹೂ ನೇಯುವಂತೆ ಇದು ಬೀಜಗಣಿತ ನೇಯುತ್ತದೆ ಎಂದಳು; ಆದರೆ ತಾನಾಗಿ ಹೊಸದನ್ನು ಹುಟ್ಟಿಸುವ ಹಕ್ಕು ಈ ಯಂತ್ರಕ್ಕಿಲ್ಲ ಎಂದು ಎಚ್ಚರಿಸಿದಳು.

ಆ ಮಾತಿಗೆ ಇಂದು ಪರೀಕ್ಷೆ ಬಂದಿದೆ. 2015ರಲ್ಲಿ ಗೂಗಲ್ ಕಂಪನಿಯವರ ಡೀಪ್‌ಡ್ರೀಮ್ ಎಂಬ ಕಾರ್ಯಕ್ರಮ ಮೋಡದಲ್ಲಿ ನಾಯಿಮುಖ, ಗಿಡದಲ್ಲಿ ಕಣ್ಣು ಕಾಣಿಸಿ ಜನರನ್ನು ಬೆರಗುಗೊಳಿಸಿತು. 2021ರ ಜನವರಿಯಲ್ಲಿ ಓಪನ್‌ಎಐ ಎಂಬ ಸಂಸ್ಥೆ ಬರಹದಿಂದ ಚಿತ್ರ ಮಾಡುವ ಯಂತ್ರವನ್ನು ತೋರಿಸಿ ಅದಕ್ಕೆ ಡಾಲ್-ಈ ಎಂದು ಹೆಸರಿಟ್ಟಿತು. ದಾಲಿಯ ಹೆಸರಿಗೆ ಒಂದು ಚಲನಚಿತ್ರದ ರೋಬೋಟಿನ ಹೆಸರು ಬೆಸೆದ ಪದವದು. ಮುಂದಿನ ವರುಷದಿಂದ ಇಂಥ ಯಂತ್ರಗಳು ಎಲ್ಲರ ಕೈಗೆ ಬಂದವು. ಈಗ ಆನೆಯ ತಲೆಯ ಹಂಸ ಬೇಕೆಂದು ಮೊಬೈಲಿನಲ್ಲಿ ಒಂದು ಸಾಲು ಬರೆದರೆ ಕ್ಷಣದಲ್ಲಿ ಸಿಗುತ್ತದೆ.

ಅದು ಕೆಲಸ ಮಾಡುವ ರೀತಿಯನ್ನು ಸರಳವಾಗಿ ಹೇಳಬಹುದು. ಯಂತ್ರಕ್ಕೆ ಕೋಟಿಗಟ್ಟಲೆ ಚಿತ್ರಗಳನ್ನು ಅವುಗಳ ವಿವರಣೆಯ ಬರಹದೊಡನೆ ತೋರಿಸುತ್ತಾರೆ. ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕೆ ತುಂಬಿ, ಆ ಚುಕ್ಕೆಗಳನ್ನು ತೆಗೆಯುವುದನ್ನು ಕಲಿಸುತ್ತಾರೆ. ಕಲಿತ ಮೇಲೆ ಅದು ಬರೀ ಚುಕ್ಕೆಗಳಿಂದ ಶುರು ಮಾಡಿ, ನಾವು ಕೊಟ್ಟ ಮಾತಿಗೆ ಹೊಂದುವ ಚಿತ್ರ ಬರುವತನಕ ಹಂತಹಂತವಾಗಿ ಅವನ್ನು ತೆಗೆಯುತ್ತದೆ. ಇದಕ್ಕಾಗಿ 2022ರಲ್ಲಿ ಹೊರಬಂದ ಲೇಯಾನ್ ಎಂಬ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರ-ಬರಹದ ಜೋಡಿಗಳಿದ್ದವು. ಅವುಗಳಲ್ಲಿ ಸುಮಾರು 230 ಕೋಟಿ ಇಂಗ್ಲಿಷ್ ಒಂದೇ ಭಾಷೆಯವು. ಉಳಿದದ್ದರಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿಗೆ ಪಾಲು, ಒಂದಿಷ್ಟಕ್ಕೆ ಭಾಷೆಯ ಗುರುತೇ ಇಲ್ಲ. ಅಂದರೆ ಯಂತ್ರ ಕಾಣುವ ಕನಸು ಬಹುಪಾಲು ಬೇರೆಯವರ ಮಾತಿನಲ್ಲಿ ಬರೆದ ಚೀಟಿಗಳಿಂದ ಕೂಡಿದ್ದು. ವೃಷಭಕುಂಜರದ ಛಾಯಾಚಿತ್ರ ಅದರಲ್ಲಿದ್ದರೂ ಕೆಳಗೆ ಯಾರಾದರೂ ಆ ಹೆಸರು ಬರೆದಿರದಿದ್ದರೆ ಯಂತ್ರಕ್ಕೆ ಅದು ಹಳೆಯ ಕಲ್ಲು ಮಾತ್ರ.

ಬ್ಯಾಂಕಿನಲ್ಲಿ ಗುಮಾಸ್ತನಾದ ನನಗೆ ಇಲ್ಲಿ ದಾಲಿಯ ಬದುಕಿನ ಇನ್ನೊಂದು ಸಂಗತಿ ಮುಖ್ಯವಾಗಿ ಕಾಣುತ್ತದೆ. ಅವನ ಹಣದಾಸೆಯನ್ನು ಕಂಡ ಬ್ರೆತೋನ್ ಅವನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಡಾಲರಿಗೆ ಹಸಿದವನು ಎಂಬ ಅರ್ಥದ ಅಡ್ಡಹೆಸರಿಟ್ಟಿದ್ದ. ಮುಪ್ಪಿನಲ್ಲಿ ದಾಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಿದ್ದ. ಚಿತ್ರವನ್ನು ಆಮೇಲೆ ಯಾರೋ ಅಚ್ಚು ಹಾಕಿಕೊಳ್ಳುತ್ತಿದ್ದರು. 1974ರಲ್ಲಿ ಫ್ರಾನ್ಸಿನ ಗಡಿಯಲ್ಲಿ ತಡೆದ ಒಂದು ವಾಹನದಲ್ಲಿ ಇಂಥ ಸಾವಿರಾರು ಹಾಳೆಗಳು ಸಿಕ್ಕವು. ದಾಲಿಯ ಮುದ್ರಣ ಚಿತ್ರಗಳಲ್ಲಿ ಅಸಲಿ ಯಾವುದು ನಕಲಿ ಯಾವುದು ಎಂಬ ಗೊಂದಲ ಇನ್ನೂ ಮುಗಿದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ ಎಂದು ನಾವು ಗಿರಾಕಿಗಳಿಗೆ ದಿನವೂ ಹೇಳುವ ಮಾತು ಕಲೆಗೂ ಸಲ್ಲುತ್ತದೆ. ಆಗ ಚಿತ್ರವಿಲ್ಲದ ಸಹಿ ಪೇಟೆಗೆ ಬಂದಿತ್ತು. ಈಗ ಸಹಿಯಿಲ್ಲದ ಚಿತ್ರ ಬಂದಿದೆ. ಎರಡರಲ್ಲಿಯೂ ಹೊಣೆ ಹೊರುವವನು ಕಾಣೆಯಾಗಿದ್ದಾನೆ.

ಈ ಮಾತು ಗಡಿಯ ಕನ್ನಡ ಮನೆಗಳಿಗೆ ಹೆಚ್ಚು ತಾಗುತ್ತದೆ. ಆನೆಮರಿ ವಿಮಾನ ಹತ್ತಿದ ಅದೇ 1967ರ ಆಗಸ್ಟಿನಲ್ಲಿ ಮಹಾಜನ ಆಯೋಗ ತನ್ನ ವರದಿ ಕೊಟ್ಟಿತು. ಬೋರಾಮಣಿ ಇರುವ ದಕ್ಷಿಣ ಸೊಲ್ಲಾಪುರ ತಾಲೂಕು, ಪಕ್ಕದ ಅಕ್ಕಲಕೋಟೆ ತಾಲೂಕು, ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡು ಇವು ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅದು ಹೇಳಿತು. ವರದಿ ಜಾರಿಗೆ ಬರಲಿಲ್ಲ. ಸೊಲ್ಲಾಪುರದ ನಾವೂ ಕಾಸರಗೋಡಿನ ನೀವೂ ಒಂದೇ ಕಾಗದದಲ್ಲಿ ಹೆಸರು ಬಂದು ಅಲ್ಲಿಯೇ ಉಳಿದವರು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಒಂದು, ಶಾಲೆ-ಕಚೇರಿಯಲ್ಲಿ ಇನ್ನೊಂದು ಎಂದು ಬೆಳೆದರು. ಒಂದು ಕಡೆಯಿಂದ ನೋಡಿದವರಿಗೆ ನಾವು ಮರಾಠಿಗರು, ಮಲಯಾಳಿಗಳು. ಇನ್ನೊಂದು ಕಡೆಯಿಂದ ಕನ್ನಡಿಗರು. ಮೈ ಎರಡಾದರೂ ತಲೆ ಒಂದು. ಬಾದಾಮಿಯ ಶಿಲ್ಪಿ ಇದನ್ನು ಕೊರತೆಯೆಂದು ಕೆತ್ತಲಿಲ್ಲ, ನೋಡುವವರ ಕಣ್ಣಿಗೆ ಹಬ್ಬವೆಂದು ಕೆತ್ತಿದ.

ಮಕ್ಕಳು ಯಂತ್ರದಿಂದ ಚಿತ್ರ ಮಾಡುವುದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಸೊಲ್ಲಾಪುರದ ನೇಕಾರರು ಜಕಾರ್ಡ್ ಮಗ್ಗವನ್ನು ಬೇಡವೆನ್ನಲಿಲ್ಲ. ನವಿಲು ಯಾವುದಿರಬೇಕೆಂಬುದನ್ನು ಮಾತ್ರ ತಾವೇ ನಿರ್ಧರಿಸಿದರು. ಮಗು ವಿಚಿತ್ರ ಚಿತ್ರವೊಂದನ್ನು ತಂದು ತೋರಿಸಿದಾಗ ಮೂರು ಮಾತು ಕೇಳಿದರೆ ಸಾಕು. ಇದನ್ನು ಬೇಡಿದವರು ಯಾರು? ಏತಕ್ಕೆ ಬೇಡಿದರು? ಇದನ್ನು ನಮ್ಮ ಮಾತಿನಲ್ಲಿ ಏನೆನ್ನುತ್ತೇವೆ? ಉತ್ತರವಿದ್ದರೆ ಚಿತ್ರಕ್ಕೆ ಅಂಕಿತ ಬಿದ್ದಂತಾಯಿತು. ಇಲ್ಲದಿದ್ದರೆ ಅದು ಯಾರದೋ ಖಾಲಿ ಹಾಳೆ.

ಹಿರಿಯರಿಗೂ ಒಂದು ಕೆಲಸವಿದೆ. ಊರ ಗುಡಿಯ ಕೆತ್ತನೆ, ಜಾತ್ರೆಯ ನಂದಿಕೋಲು, ಅಜ್ಜಿಯ ಒಗಟು, ತುಳುನಾಡಿನ ಭೂತದ ಮುಖವರ್ಣಿಕೆ, ಮಲಬಾರಿನ ತೆಯ್ಯಂ ಇವುಗಳ ಛಾಯಾಚಿತ್ರಗಳನ್ನು ನಾವು ಮೊಬೈಲಿನಲ್ಲಿ ಕಳಿಸುತ್ತಲೇ ಇದ್ದೇವೆ. ಕೆಳಗೆ ಎರಡು ಸಾಲು ಕನ್ನಡದಲ್ಲಿ, ಸಾಧ್ಯವಿದ್ದರೆ ನೆರೆಯ ಭಾಷೆಯಲ್ಲಿಯೂ, ಅದರ ಹೆಸರು, ಊರು, ಅರ್ಥ ಬರೆಯೋಣ. ಬೆಡಗಿಗೆ ಟೀಕೆ ಬರೆದವರು ಮಾಡಿದ್ದೂ ಇದನ್ನೇ. ಅವರು ಬರೆಯದೆ ಹೋಗಿದ್ದರೆ ಅಲ್ಲಮರ ಅನೇಕ ಮಾತುಗಳು ಇಂದು ನಮಗೆ ಬರೀ ವಿಚಿತ್ರವಾಗಿ ಉಳಿಯುತ್ತಿದ್ದವು.