ಸುರ್ಕಿ ಇದ್ದಲ್ಲಿ ಸಿಮೆಂಟ್ ಇರಲಿಲ್ಲವೆ? ತುಂಗಭದ್ರಾ ಅಣೆಕಟ್ಟಿನ ಗಾರೆಯ ಬಗೆಗಿನ ಒಂದು ಹೇಳಿಕೆಯ ಪರಿಶೀಲನೆ

ದೇಶದಲ್ಲಿ ಸಿಮೆಂಟ್ ಬಳಸದೆ ಕಟ್ಟಿದ ಅಣೆಕಟ್ಟುಗಳು ಎರಡೇ, ಒಂದು ಮುಲ್ಲಪೆರಿಯಾರ್, ಇನ್ನೊಂದು ತುಂಗಭದ್ರಾ. ತುಂಗಭದ್ರೆಯನ್ನು ಮಣ್ಣು ಮತ್ತು ಸುಣ್ಣಕಲ್ಲು ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಲಾಗಿದೆ. ಈ ಹೇಳಿಕೆ ಪ್ರವಾಸಿ ಕೈಪಿಡಿಗಳಲ್ಲಿದೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿದೆ, ಈಗ ಜಿಲ್ಲೆಯ ಚರಿತ್ರೆ ಬರೆಯುವವರ ಅಡಿಟಿಪ್ಪಣಿಗಳಿಗೂ ಇಳಿದಿದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಹೊಲಮನೆಗಳನ್ನು ನುಂಗಿ ನಿಂತ ಜಲಾಶಯವಿದು. ಅದರ ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದನ್ನು ಇಷ್ಟು ಅಸಡ್ಡೆಯಿಂದ ಬರೆಯುವುದು ಸಲ್ಲದು.

ಸುರ್ಕಿಯೇ ಪುರಾವೆ ಎನ್ನುವುದಾದರೆ 'ಎರಡೇ' ಎಂಬ ಮಾತು ಕ್ಷಣವೂ ನಿಲ್ಲುವುದಿಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯದೆಂದು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಒಂದೇ ಪುಸ್ತಕದ ಒಂದು ಪುಟ ಕನ್ನಂಬಾಡಿಯ ಸುರ್ಕಿಯನ್ನು ಹೊಗಳಿ, ಮತ್ತೊಂದು ಪುಟ 'ಎರಡೇ' ಎಂದು ಬರೆದಿರುವುದನ್ನು ಕಂಡಾಗ ತಾಳ್ಮೆ ಉಳಿಯುವುದು ಕಷ್ಟ.

'ಮಣ್ಣು' ಎಂಬುದು ಇನ್ನೂ ದೊಡ್ಡ ತಪ್ಪು. ಹಸಿ ಜೇಡಿಮಣ್ಣನ್ನು ಸುಣ್ಣಕಲ್ಲಿನ ಪುಡಿಯೊಡನೆ ಎಷ್ಟು ಕಲಸಿದರೂ ನೀರಿನಲ್ಲಿ ನಿಲ್ಲುವ ಗಾರೆ ಆಗದು. ಜೇಡಿಮಣ್ಣನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ನೀರಿನಂಶ ಹೋಗಿ, ಹರಳುಕಟ್ಟು ಮುರಿದು, ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಡನೆ ಕೂಡುವ ಸ್ಥಿತಿಗೆ ಬರುತ್ತವೆ. ಹಾಗೆ ಸುಟ್ಟು ನುಣ್ಣಗೆ ಅರೆದ ಇಟ್ಟಂಗಿ ಪುಡಿಯೇ ಸುರ್ಕಿ. ಸುಣ್ಣಕಲ್ಲನ್ನೂ ಸುಟ್ಟು, ನೀರೂಡಿಸಿ ಅರಳಿಸಬೇಕು. ಎರಡು ಭಟ್ಟಿಗಳ ಬೆಂಕಿಯನ್ನು ಮರೆತ ಬರವಣಿಗೆ ಗಾರೆಯ ಚರಿತ್ರೆಯಲ್ಲ.

ವಿವಾದದ ಗಂಟು ಇರುವುದು 'ಸಿಮೆಂಟ್ ಬಳಸದೆ' ಎಂಬಲ್ಲಿ. ಇದಕ್ಕೆ ಕೊಡುವ ಪುರಾವೆ ಒಂದೇ: ಅಲ್ಲಿ ಸುರ್ಕಿ ಇತ್ತು. ಸುರ್ಕಿ ಇತ್ತೆಂದರೆ ಸಿಮೆಂಟ್ ಇರಲಿಲ್ಲವೆಂದು ಹೇಗೆ ಸಾಧಿಸಿದಂತಾಯಿತು? ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹೊರಬರುತ್ತದೆ, ಅಂದರೆ ಅರಳಿದ ಸುಣ್ಣವೇ. ಸುರ್ಕಿ ಆ ಸುಣ್ಣವನ್ನು ಹಿಡಿದು ಮತ್ತಷ್ಟು ಬಂಧಕವನ್ನು ಹುಟ್ಟಿಸುತ್ತದೆ. ಹೀಗೆ ಅದು ಸುಣ್ಣದ ಜೊತೆಗಾರನೂ ಹೌದು, ಸಿಮೆಂಟಿನ ಜೊತೆಗಾರನೂ ಹೌದು. ದಪ್ಪ ಗೋಡೆಯಲ್ಲಿ ಸಿಮೆಂಟಿನ ಒಂದು ಪಾಲನ್ನು ತೆಗೆದು ಸುರ್ಕಿ ಹಾಕಿದರೆ ಒಳಗೆ ಹುಟ್ಟುವ ಕಾವೂ ಕಡಿಮೆಯಾಗುತ್ತದೆ, ಕಾವಿನಿಂದ ಬೀಳುವ ಬಿರುಕೂ ಕಡಿಮೆಯಾಗುತ್ತದೆ. ಇಂದಿನ ಪರಿಭಾಷೆಯಲ್ಲಿ ಇದು ಖನಿಜ ಮಿಶ್ರಕ. ಅದನ್ನು ಬಡವರ ಸಿಮೆಂಟಿನಂತೆ ಕಾಣುವವರು ಅದರ ಮುಖ್ಯ ಗುಣವನ್ನೇ ಬಿಟ್ಟುಬಿಡುತ್ತಾರೆ.

ಕಾಲವೂ 'ಸಿಮೆಂಟ್ ಬಳಸದೆ' ಎನ್ನುವವರ ಪಕ್ಷದಲ್ಲಿಲ್ಲ. ಮುಲ್ಲಪೆರಿಯಾರ್ ಮುಗಿದದ್ದು 1895ರಲ್ಲಿ. ತುಂಗಭದ್ರೆಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು, ನೀರು ನಿಂತದ್ದು 1953ರಲ್ಲಿ. ಈ ನಡುವೆ 1914ರಿಂದ ಪೋರಬಂದರಿನಲ್ಲಿ ಸಿಮೆಂಟ್ ತಯಾರಾಗುತ್ತಿತ್ತು. ಅಣೆಕಟ್ಟಿನ ಎಡದಂಡೆಯ ಕೆಲಸ ಹೊತ್ತಿದ್ದ ಹೈದರಾಬಾದ್ ಸಂಸ್ಥಾನದೊಳಗೇ ಶಹಾಬಾದಿನಲ್ಲಿ ಕಾರ್ಖಾನೆ ಇತ್ತು. ಅಷ್ಟರಿಂದಲೇ ಅಣೆಕಟ್ಟಿಗೆ ಸಿಮೆಂಟ್ ಬಿತ್ತೆಂದು ನಾನು ವಾದಿಸುತ್ತಿಲ್ಲ. ಆದರೆ 1895ರ ಕಟ್ಟಡವನ್ನೂ 1945ರ ಕಟ್ಟಡವನ್ನೂ ಒಂದೇ ಉಸಿರಿನಲ್ಲಿ ಹೇಳಲು ಸುರ್ಕಿ ಎಂಬ ಹೆಸರೊಂದು ಸಾಲದು.

ಈ ತಪ್ಪು ಪುಸ್ತಕದೊಳಗೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 'ಹಳೆಯವರ ಗಾರೆ, ಈಗಿನವರ ಕೆಮಿಕಲ್' ಎಂಬ ಒಡಕು ಅದರಿಂದಲೇ ಬೆಳೆದಿದೆ. ಹಳೆಯ ಗಾರೆಗೂ ಬೆಲ್ಲದ ನೀರು, ಅಳಲೆಕಾಯಿ ನೀರು ಬೀಳುತ್ತಿತ್ತು. ಸಕ್ಕರೆಯ ದ್ರಾವಣದಲ್ಲಿ ಸುಣ್ಣ ಬರಿ ನೀರಿಗಿಂತ ಹೆಚ್ಚು ಕರಗುತ್ತದೆ, ಆದ್ದರಿಂದ ಬೆಲ್ಲವೂ ರಾಸಾಯನಿಕ ಮಿಶ್ರಕವೇ. ಆದರೆ ಸುಣ್ಣಕ್ಕೆ ಒಗ್ಗಿದ್ದು ಸಿಮೆಂಟಿಗೆ ಒಗ್ಗಬೇಕಿಲ್ಲ. ಸಿಮೆಂಟಿನ ತೂಕದ ಶೇ. 0.05ರಷ್ಟು ಸಕ್ಕರೆ, ಅಂದರೆ 50 ಕಿಲೋ ಚೀಲಕ್ಕೆ 25 ಗ್ರಾಂ, ಗಟ್ಟಿಯಾಗುವುದನ್ನು ಕೆಲವು ಗಂಟೆ ತಡಮಾಡುತ್ತದೆ. 100 ಗ್ರಾಂ ದಾಟಿದರೆ ಮಾಲು ಸೆಟ್ ಆಗುವುದೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಪೂರ್ವಜರ ಹೆಸರು ಹೇಳಿ ಕಾಂಕ್ರೀಟಿಗೆ ಬೆಲ್ಲ ಹಾಕಿಸುವ ಉತ್ಸಾಹಿಗಳು ಈ ಲೆಕ್ಕವನ್ನು ಮೊದಲು ನೋಡಬೇಕು.

ಗಾರೆ, ಕಾಂಕ್ರೀಟುಗಳ ಹದದ ಪರೀಕ್ಷೆಯ ಚರಿತ್ರೆಯಲ್ಲೂ ಇದೇ ಒಡಕು. ಕರಣಿಯಿಂದ ಗಾರೆ ಜಾರುವ ಬಗೆ ನೋಡಿ ಗೌಂಡಿ ಹದ ಹೇಳುತ್ತಿದ್ದ. ಆ ಕೈಯ ಅರಿವಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಸಂಖ್ಯೆಯಾಗಿ ಕಡತಕ್ಕೆ ಇಳಿಯಲಿಲ್ಲ. ಮೇಲೆ 10, ತಳದಲ್ಲಿ 20, ಎತ್ತರ 30 ಸೆಂ.ಮೀ. ಇರುವ, ಹಸಿ ಕಾಂಕ್ರೀಟಿನ ಹದ ಅಳೆಯುವ ಸ್ಲಂಪ್ ಕೋನ್ ಅಮೆರಿಕದಲ್ಲಿ 1922ರಲ್ಲಿ ಮಾನಕವಾಯಿತು. ನಮ್ಮಲ್ಲಿ ಅದಕ್ಕೆ ಭಾರತೀಯ ಮಾನಕ ಐಎಸ್ 1199 ಬಂದದ್ದು 1959ರಲ್ಲಿ, ತುಂಗಭದ್ರೆಯಲ್ಲಿ ನೀರು ನಿಂತು ಆರು ವರ್ಷದ ಮೇಲೆ: ಅಂದಿನ ವಿಧಾನದಲ್ಲಿ ನಾಲ್ಕು ಪದರ, ಪದರಕ್ಕೆ 25 ಕುಟ್ಟು, ಕೋನ್ ಎತ್ತಿ ಕುಸಿತದ ಅಳತೆ. ಅದೇ ವರ್ಷ ಸುಟ್ಟ ಜೇಡಿಯ ಪುಡಿಗೆ ಐಎಸ್ 1344 ಬಂತು. ರಾಸಾಯನಿಕ ಮಿಶ್ರಕಗಳಿಗೆ ಐಎಸ್ 9103 ದೊರೆತದ್ದು 1979ರಲ್ಲಿ. ಸುರ್ಕಿ ಆಧುನಿಕತೆಯ ಹೊರಗಿನದು ಎನ್ನುವವರಿಗೆ ಈ ಕ್ರಮವೊಂದೇ ಉತ್ತರ. ಹದದ ಈ ಅಳತೆ ಇಂದಿಗೂ ಬೇಕು: ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಬೇಸಿಗೆಯಲ್ಲಿ ಕಾಂಕ್ರೀಟಿನ ಕುಸಿತ ಬೇಗ ಇಳಿಯುತ್ತದೆ. ಆಗ ಕೊಡ ನೀರು ಸುರಿದರೆ ನೀರು–ಸಿಮೆಂಟ್ ಅನುಪಾತ ಏರಿ ಬಲ ಕುಗ್ಗುತ್ತದೆ. ನೀರು ಏರಿಸದೆ ಹದ ಉಳಿಸುವುದಕ್ಕೇ ಇಂದಿನ ಪ್ಲಾಸ್ಟಿಸೈಜರ್ ಇರುವುದು.

ಅಣೆಕಟ್ಟಿನ ಪ್ರಶ್ನೆಯನ್ನು ಗಾರೆಯೇ ಬಗೆಹರಿಸಬಲ್ಲದು. ಒಂದು ಚೂರನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ನೀರಿನೊಡನೆ ಕೂಡದೆ ಉಳಿದ ಕ್ಲಿಂಕರ್ ಕಣಗಳು ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ತೋರಿಸಿಕೊಡುತ್ತವೆ. ಇಟ್ಟಂಗಿಯ ಚೂರು ಮತ್ತು ಸುಣ್ಣದ ಗಂಟುಗಳಷ್ಟೇ ಕಂಡರೆ ವಾದ 'ಸಿಮೆಂಟ್ ಬಳಸದೆ' ಎನ್ನುವವರ ಕಡೆಗೆ ವಾಲುತ್ತದೆ. ಬಲದಂಡೆಯ ಕೆಲಸ ಮದ್ರಾಸ್ ಸರ್ಕಾರದ್ದು, ಎಡದಂಡೆಯದು ಹೈದರಾಬಾದಿನದು. ಒಂದು ದಂಡೆಯ ಚೂರಿನಿಂದ ಇಡೀ ಗೋಡೆಯ ಬಗ್ಗೆ ತೀರ್ಪು ಕೊಡಲಾಗದು. ಮಾದರಿಗಳನ್ನು ಎರಡೂ ಕಡೆಯಿಂದ ತೆಗೆಯಬೇಕು.