ಗೋಪಾಲ ಗಣೇಶ ಆಗರಕರ: ಒಬ್ಬ ಪತ್ರಕರ್ತನ ಎರಡು ಶವಯಾತ್ರೆ

ಪುಣೆಯ ಆಗರಕರರ ಬಗ್ಗೆ ಯಾರೇ ಮಾತೆತ್ತಲಿ, ಮೊದಲು ಬರುವ ಪ್ರಸಂಗ ಒಂದೇ: ಅವರು ಬದುಕಿರುವಾಗಲೇ ಊರಿನ ಸನಾತನಿಗಳು ಅವರ ಶವಯಾತ್ರೆ ತೆಗೆದರು ಎಂಬುದು. ಜೀವನಚರಿತ್ರೆಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ತಮ್ಮ ಅಂತ್ಯಸಂಸ್ಕಾರದ ಖರ್ಚಿಗೆಂದು ಅವರು ಹಣ ಕಟ್ಟಿಟ್ಟಿದ್ದರು. ಸತ್ತ ಮೇಲೆ ಆ ಗಂಟು ಮನೆಯವರ ಕೈಗೆ ಸಿಕ್ಕಿತು. ಮೊದಲನೆಯದನ್ನು ಸನಾತನಿಗಳ ಕ್ರೌರ್ಯಕ್ಕೂ ಎರಡನೆಯದನ್ನು ಆಗರಕರರ ಬಡತನಕ್ಕೂ ಉದಾಹರಣೆಯಾಗಿ ಹೇಳುವುದು ರೂಢಿ. ಇವೆರಡನ್ನೂ ಒಟ್ಟಿಗೆ ಇಟ್ಟು ಓದಬೇಕು ಎಂಬುದು ಈ ಟಿಪ್ಪಣಿಯ ವಾದ.

ಆಗರಕರರು ಹುಟ್ಟಿದ್ದು 1856ರ ಜುಲೈ 14ರಂದು, ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಟೆಂಭು ಎಂಬ ಹಳ್ಳಿಯಲ್ಲಿ. ಕೃಷ್ಣೆಯ ದಂಡೆಯ ಊರು. ಅಲ್ಲಿಂದ ಮುಂದೆ ಸಾಂಗಲಿ ದಾಟಿ ಹರಿದು ಬರುವ ಅದೇ ಹೊಳೆ ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೆ ನೀರು. ಮನೆಯಲ್ಲಿ ಓದಿಸುವಷ್ಟು ಅನುಕೂಲವಿರಲಿಲ್ಲ. ಹುಡುಗ ಕಚೇರಿಯಲ್ಲಿ ಕಾರಕೂನಿಕೆ ಮಾಡಿದ, ದವಾಖಾನೆಯಲ್ಲಿ ಕಂಪೌಂಡರನಾದ, ಓದಿಗಾಗಿ ರತ್ನಾಗಿರಿಗೆ ನಡೆದೇ ಹೋದ. ಅಕೋಲೆಯಲ್ಲಿ ಓದುತ್ತಿದ್ದಾಗ ಅಲ್ಲಿನ ‘ವರ್ಹಾಡ ಸಮಾಚಾರ’ಕ್ಕೆ ಬರೆದ. ಪತ್ರಿಕೆಯ ನಂಟು ಬೆಳೆದದ್ದು ಹೀಗೆ ಒಂದು ಜಿಲ್ಲಾ ಊರಿನಲ್ಲಿ, ಹೊಟ್ಟೆಪಾಡಿನ ಜೊತೆಜೊತೆಗೆ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ತಿಲಕರ ಗೆಳೆತನವಾಯಿತು. ಎಂ.ಎ. ಓದುವಾಗ ತಾಯಿಗೆ ಕಾಗದ ಬರೆದು, ಮಗ ದೊಡ್ಡ ಪರೀಕ್ಷೆ ಪಾಸಾಗಿ ದೊಡ್ಡ ಸಂಬಳ ತರುತ್ತಾನೆಂದು ಆಸೆ ಇಟ್ಟುಕೊಳ್ಳಬೇಡ, ಹೊಟ್ಟೆಗೆ ಸಾಕಾಗುವಷ್ಟರಲ್ಲೇ ತೃಪ್ತಿಪಟ್ಟು ಉಳಿದ ಸಮಯ ಪರರ ಹಿತಕ್ಕೆ ಕೊಡುತ್ತೇನೆ ಎಂದು ತಿಳಿಸಿದರು. ಆ ಮಾತನ್ನು ಅವರು ಕೊನೆಯವರೆಗೂ ನಡೆಸಿದರು.

ಇಲ್ಲೊಂದು ತಿದ್ದುಪಡಿ ಅಗತ್ಯ. ‘ಕೇಸರಿ’ ಎಂದ ಕೂಡಲೇ ತಿಲಕರ ಹೆಸರು ಬಾಯಿಗೆ ಬರುತ್ತದೆ. ಆದರೆ 1881ರ ಜನವರಿಯಲ್ಲಿ ಪತ್ರಿಕೆ ಹೊರಟಾಗ ಅದರ ಸಂಪಾದಕರು ಆಗರಕರ. ತಿಲಕರು ನೋಡಿಕೊಳ್ಳುತ್ತಿದ್ದದ್ದು ಇಂಗ್ಲಿಷಿನ ‘ಮರಾಠಾ’ವನ್ನು. ಕೊಲ್ಹಾಪುರದ ದಿವಾನ ಮಾಧವರಾವ್ ಬರ್ವೆ ಅಲ್ಲಿನ ಎಳೆಯ ಮಹಾರಾಜರಿಗೆ ಕಿರುಕುಳ ಕೊಡುತ್ತಿದ್ದಾರೆಂದು ಎರಡೂ ಪತ್ರಿಕೆ ಬರೆದವು. ಆಧಾರವೆಂದು ನಂಬಿದ್ದ ಪತ್ರಗಳು ನಕಲಿ ಎಂದು ಗೊತ್ತಾಯಿತು. ಮಾನನಷ್ಟ ಮೊಕದ್ದಮೆಯಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಶಿಕ್ಷೆಯಾಗಿ, 1882ರಲ್ಲಿ ಮುಂಬಯಿಯ ಡೋಂಗರಿ ಜೈಲಿನಲ್ಲಿ 101 ದಿನ ಕಳೆದರು. ಆಗರಕರರು ಆ ದಿನಗಳನ್ನೇ ಒಂದು ಪುಸ್ತಕ ಮಾಡಿದರು.

ಜೈಲಿನಲ್ಲಿ ಜೊತೆಗಿದ್ದವರು ಹೊರಗೆ ಬೇರಾದರು. ಮೊದಲು ಸ್ವರಾಜ್ಯವೋ, ಮೊದಲು ಸಮಾಜ ಸುಧಾರಣೆಯೋ ಎಂಬ ಪ್ರಶ್ನೆಯಲ್ಲಿ ಇಬ್ಬರಿಗೂ ಹೊಂದಲಿಲ್ಲ. ಆಗರಕರರು 1887ರಲ್ಲಿ ಕೇಸರಿ ಬಿಟ್ಟು, ಮರುವರ್ಷ ಅಕ್ಟೋಬರಿನಲ್ಲಿ ‘ಸುಧಾರಕ’ ಹೊರಡಿಸಿದರು. ಇಂಗ್ಲಿಷ್ ಭಾಗ ನೋಡಿಕೊಂಡವರು 22ರ ಹರೆಯದ ಗೋಪಾಲ ಕೃಷ್ಣ ಗೋಖಲೆ. ಬಾಲ್ಯವಿವಾಹ, ವಿಧವೆಯರ ಕೇಶಮುಂಡನ, ಅಸ್ಪೃಶ್ಯತೆ, ಹೆಣ್ಣುಮಕ್ಕಳ ಓದು, ಹುಡುಗ ಹುಡುಗಿಯರು ಒಂದೇ ಶಾಲೆಯಲ್ಲಿ ಕೂಡುವುದು ಇವೆಲ್ಲವನ್ನೂ ಆಗರಕರರು ಶಾಸ್ತ್ರದ ಆಧಾರ ಹುಡುಕದೆ ಬರೀ ಬುದ್ಧಿಯ ಒರೆಗಲ್ಲಿಗೆ ಹಚ್ಚಿದರು. ಅದೇ ಕಾಲದ ಪುಣೆಯ ಇನ್ನೊಬ್ಬ ಸುಧಾರಕ ರಾನಡೆಯವರು ಸುಧಾರಣೆಗೆ ಶ್ರುತಿ ಸ್ಮೃತಿಗಳ ಒಪ್ಪಿಗೆ ತೋರಿಸುತ್ತಿದ್ದರು. ಆಗರಕರರಿಗೆ ಆ ಒಪ್ಪಿಗೆ ಬೇಕಿರಲಿಲ್ಲ. ಊರು ಸಿಟ್ಟಾದದ್ದು ಮುಖ್ಯವಾಗಿ ಇದಕ್ಕೇ ಎಂದು ನನಗೆ ತೋರುತ್ತದೆ.

ಆ ಊರಿನ ಸಿಟ್ಟಿನ ಬಗೆ ತಿಳಿಯಬೇಕಾದರೆ 1890ರ ಪಂಚಹೌದ್ ಪ್ರಕರಣ ನೆನೆಯಬೇಕು. ಕ್ರೈಸ್ತ ಮಿಷನ್ನಿನಲ್ಲಿ ಚಹಾ ಕುಡಿದರೆಂಬ ಕಾರಣಕ್ಕೆ ರಾನಡೆ, ತಿಲಕರಂಥವರ ಮೇಲೂ ಬಹಿಷ್ಕಾರದ ಮಾತೆದ್ದಿತು. ರಾನಡೆ ಪ್ರಾಯಶ್ಚಿತ್ತ ಮಾಡಿಕೊಂಡರು. ಬಹಿಷ್ಕಾರವೆಂದರೆ ಪಂಕ್ತಿಭೇದವಷ್ಟೇ ಅಲ್ಲ. ಪುರೋಹಿತ ಬರುವುದಿಲ್ಲ, ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ, ಕೊನೆಗೆ ಹೆಣಕ್ಕೆ ಹೆಗಲು ಕೊಡುವವರೂ ಸಿಗುವುದಿಲ್ಲ. ಅಣಕು ಶವಯಾತ್ರೆಯ ಅರ್ಥ ಇಲ್ಲಿದೆ. ಚಟ್ಟ ಕಟ್ಟಿ ಬೀದಿಯಲ್ಲಿ ಹೊತ್ತವರು, ನಮ್ಮ ಪಾಲಿಗೆ ನೀನು ಸತ್ತೆ ಎಂದರು. ನೀನು ನಿಜವಾಗಿ ಸತ್ತಾಗ ನಾವು ಬರುವುದಿಲ್ಲ ಎಂಬ ಬೆದರಿಕೆಯೂ ಅದರೊಳಗೇ ಇತ್ತು.

ಹಾಗೆ ನೋಡಿದರೆ ಕಟ್ಟಿಟ್ಟ ಆ ಹಣ ಬಡತನದ ಕುರುಹು ಮಾತ್ರವಲ್ಲ. ಆಗರಕರರು 1892ರಿಂದ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರು. ಸಂಬಳ ಸಣ್ಣದು, ಉಬ್ಬಸ ಜೀವ ಹಿಂಡುತ್ತಿತ್ತು, ಸಾವು ಹತ್ತಿರವಿದೆಯೆಂದು ಅವರಿಗೆ ಗೊತ್ತಿತ್ತು. ತಮ್ಮನ್ನು ಒಮ್ಮೆ ಸುಟ್ಟಂತೆ ಆಡಿದ ಊರಿಗೆ ಕೊನೆಯ ಸೌದೆಯ ಋಣವೂ ಬೇಡ, ಹೆಂಡತಿ ಯಶೋದಾಬಾಯಿ ಯಾರ ಮುಂದೆಯೂ ಕೈಚಾಚುವುದು ಬೇಡ ಎಂದು ಅವರು ಎಣಿಸಿರಬೇಕು. ಇದು ನನ್ನ ಊಹೆ; ಆದರೆ ತಾಯಿಗೆ ಆ ಕಾಗದ ಬರೆದ ಮನುಷ್ಯನಿಗೆ ಹೊಂದುವ ಊಹೆ.

1895ರ ಜೂನ್ 17ರಂದು ಅವರು ತೀರಿಕೊಂಡರು. ಕೇಸರಿಯಲ್ಲಿ ಮೃತ್ಯುಲೇಖ ಬರೆದವರು ತಿಲಕರೇ.

ಕನ್ನಡದ ಆಲೂರು ವೆಂಕಟರಾಯರೂ ಬೇಂದ್ರೆಯವರೂ ಮುಂದೆ ಓದಿದ್ದು ಆಗರಕರರು ನಡೆಸಿದ ಆ ಕಾಲೇಜಿನಲ್ಲೇ. ಪುಣೆಗೆ ಹೋಗುವ ನಮ್ಮವರಿಗೆ ಕೊನೆಯದಾಗಿ ಒಂದು ಸೂಚನೆ. ಅಲ್ಲಿನ ಆಗರಕರ ಸಂಶೋಧನಾ ಸಂಸ್ಥೆಯನ್ನು ಕಂಡು ಇದು ಇವರದೇ ಸ್ಮಾರಕವೆಂದು ತಿಳಿಯಬಾರದು. ಆ ಹೆಸರು ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಗರಕರರದು. ಅದರ ಮುಂದಿನ ರಸ್ತೆ ಮಾತ್ರ ಗೋಪಾಲ ಗಣೇಶರದು.