ಸಾಂಬ ಸದಾಶಿವ ಅಲ್ಲ, ಇದು ಬೇರೆ ಸಾಂಬಾ!

ಮೊನ್ನೆ ಊರಿಗೆ ಹೋದಾಗ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಇಪ್ಪತ್ತು ವರ್ಷದ ಹಿಂದೆ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿ ಇದ್ದ ಮಹಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತಿದೆ. ಅಲ್ಲೇ ನಿಂತು ಹಳೆಯದೆಲ್ಲ ನೆನಪಾಯಿತು ನೋಡಿ, ಹಾಗಾಗಿ ಈ ಬರಹ.

ಅಂಗಡಿಯಲ್ಲಿ ಮೂರು ಕಂಪ್ಯೂಟರ್. ಎರಡರಲ್ಲಿ ವಿಂಡೋಸ್ 98, ಮೂರನೆಯದು ವೈರಸ್ ಹಿಡಿದು ಮೂಲೆ ಸೇರಿದ್ದ ಹಳೇ ಪೆಂಟಿಯಂ. ಲೇಸರ್ ಪ್ರಿಂಟರ್ ಒಂದೇ. ಮದುವೆ ಕಾಗದ, ಕಂಬಳದ ನೋಟೀಸು, ಯಕ್ಷಗಾನದ ಕರಪತ್ರ ಎಲ್ಲವೂ ಫ್ಲಾಪಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡಬೇಕು. ಮಳೆಗಾಲದಲ್ಲಿ ಫ್ಲಾಪಿಗೆ ಬೂಸ್ಟು ಹಿಡಿದರೆ ಮುಗಿಯಿತು, ವರನ ಹೆಸರು ಉಳಿದು ವಧುವಿನ ಹೆಸರು ಹೋದದ್ದೂ ಉಂಟು!

ಉಜಿರೆಯಲ್ಲಿ ಓದುತ್ತಿದ್ದ ನನ್ನ ಚಿಕ್ಕಮ್ಮನ ಮಗ ಒಂದು ಭಾನುವಾರ ಬಂದು ಆ ಪೆಂಟಿಯಂಗೆ ಲಿನಕ್ಸ್ ಹಾಕಿದ. ಪ್ರಿಂಟರ್ ಅದಕ್ಕೇ ಸಿಕ್ಕಿಸಿದ. "ಇನ್ನು ಸಾಂಬಾ ಇದೆಯಲ್ಲ, ಎಲ್ಲ ಅದೇ ನೋಡಿಕೊಳ್ತದೆ" ಅಂದ. ನಮ್ಮ ಧನಿಗಳು ಕನ್ನಡಕ ಮೇಲೆತ್ತಿ, "ಯಾವ ಸಾಂಬ ಮಾರಾಯ, ಸದಾಶಿವನಾ?" ಅಂತ ಕೇಳಿದರು :-)

ಹೆಸರಿನ ಕಥೆ ಆಮೇಲೆ. ಮೊದಲು ಮೂಲಕ್ಕೆ ಹೋಗೋಣ. ಒಂದು ಕಂಪ್ಯೂಟರಿನ ಫೈಲು, ಪ್ರಿಂಟರುಗಳನ್ನು ಇನ್ನೊಂದು ಬಳಸಬೇಕಾದರೆ ಎರಡೂ ಒಂದೇ ಭಾಷೆ ಆಡಬೇಕು. ಅಂಥ ಭಾಷೆಯೊಂದನ್ನು 80ರ ದಶಕದ ಮೊದಲಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ್ದರು. ಅದೇ ಎಸ್‌ಎಂಬಿ. ಮೈಕ್ರೋಸಾಫ್ಟ್ ಅದನ್ನು ಎತ್ತಿಕೊಂಡು ಬೆಳೆಸಿತು. ಬೆಳೆಸಿದ್ದೇನೋ ಸರಿ, ಆದರೆ ಹೊಸದಾಗಿ ಸೇರಿಸಿದ ಎಷ್ಟೋ ವಿಷಯಗಳನ್ನು ಹೊರಗಿನವರಿಗೆ ಹೇಳಲಿಲ್ಲ. ವಿಂಡೋಸ್ ವಿಂಡೋಸ್ ಜೊತೆ ಮಾತ್ರ ಹಾಯಾಗಿ ಮಾತಾಡಲಿ ಎಂಬ ಲೆಕ್ಕಾಚಾರ ಅಂತಲೇ ನನ್ನ ಅನಿಸಿಕೆ.

1991ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಣ್ಣದೊಂದು ತೊಂದರೆ ಬಂತು. ಅವರ ಪಿಸಿಯಲ್ಲಿ ಡೆಕ್ ಕಂಪನಿಯ ಪಾತ್‌ವರ್ಕ್ಸ್ ಎಂಬ ತಂತ್ರಾಂಶ ಇರಲೇಬೇಕಿತ್ತು. ಅದಕ್ಕೋ ವಿಭಾಗದ ಸನ್ ಯಂತ್ರದ ಜೊತೆ ಮಾತಿಲ್ಲ, ಕಥೆಯಿಲ್ಲ. ಟ್ರಿಡ್ಜೆಲ್ ಮಾಡಿದ್ದು ಇಷ್ಟೇ: ತಂತಿಯಲ್ಲಿ ಹಾದುಹೋಗುವ ಮಾತುಗಳನ್ನು ಗಮನಿಸಿದರು, ಯಾವ ಪ್ರಶ್ನೆಗೆ ಯಾವ ಉತ್ತರ ಹೋಗುತ್ತದೆ ಎಂದು ನೋಡಿದರು, ಅದೇ ಉತ್ತರ ಕೊಡುವ ಪ್ರೋಗ್ರಾಮ್ ಬರೆದರು. 1992ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರಬಂತು. ತಮಾಷೆ ಎಂದರೆ, ತಾನು ಕಲಿತದ್ದು ಎಸ್‌ಎಂಬಿ ಎಂಬ ಭಾಷೆ ಅಂತ ಆಗ ಅವರಿಗೇ ಗೊತ್ತಿರಲಿಲ್ಲ!

ಫ್ರೆಂಚ್ ಬಾರದವನು ಫ್ರಾನ್ಸಿನ ಕೆಫೆಯಲ್ಲಿ ಕೂತು ಅಕ್ಕಪಕ್ಕದವರ ಮಾತು ಕೇಳಿ ಫ್ರೆಂಚ್ ಕಲಿತ ಹಾಗೆ ಎಂದು ಅವರು ಈ ವಿಧಾನವನ್ನು ವಿವರಿಸಿದ್ದಾರೆ. ನಮ್ಮ ಕಡೆಯವರಿಗೆ ಇದು ಹೊಸತಲ್ಲ ಬಿಡಿ. ಘಟ್ಟದ ಮೇಲಿನಿಂದ ಬಂದ ಮಾಸ್ತರರು ತುಳು ಕಲಿಯುವುದು ವ್ಯಾಕರಣ ಪುಸ್ತಕದಿಂದಲ್ಲ, ಹೋಟೆಲಿನಲ್ಲಿ ಚಾ ಕುಡಿಯುತ್ತಾ, ಬಸ್ಸಿನಲ್ಲಿ ನೇತಾಡುತ್ತಾ. ಕಿವಿ ಇದ್ದರೆ ಆಯಿತು, ಯಾರ ಅನುಮತಿಯೂ ಬೇಡ.

ಈಗ ಹೆಸರು. ಮೊದಲು ಇಟ್ಟ ಎಸ್‌ಎಂಬಿಸರ್ವರ್ ಎಂಬ ಹೆಸರು ಬೇರೊಂದು ಕಂಪನಿಯದ್ದಾಗಿತ್ತು. ಹಾಗಾಗಿ 1994ರಲ್ಲಿ ಟ್ರಿಡ್ಜೆಲ್ ಕಂಪ್ಯೂಟರಿನ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದ ಹುಡುಕಿದರು. ಸಿಕ್ಕ ನಾಲ್ಕಾರು ಪದಗಳಲ್ಲಿ ಬ್ರೆಜಿಲ್ಲಿನ ನೃತ್ಯದ ಹೆಸರೂ ಇತ್ತು. ಸದಾಶಿವನಿಗೆ ಸಂಬಂಧವಿಲ್ಲ.

ನಮ್ಮ ಅಂಗಡಿಯಲ್ಲಿ ಮೊದಲ ದಿನ ಪಾಸ್‌ವರ್ಡ್ ಸರಿ ಕೊಟ್ಟರೂ ಒಳಗೆ ಬಿಡಲಿಲ್ಲ. ವಿಂಡೋಸ್ 98 ಪಾಸ್‌ವರ್ಡನ್ನು ಗುಪ್ತಲಿಪಿ ಮಾಡಿ ಕಳಿಸುತ್ತದೆ, ಆಗಿನ ಸಾಂಬಾ ತಾನಾಗಿ ಅದನ್ನು ಒಪ್ಪುತ್ತಿರಲಿಲ್ಲ. ಒಂದು ಸಾಲು ತಿದ್ದಬೇಕಿತ್ತು, ಅದನ್ನು ಹುಡುಕಲು ಅರ್ಧ ದಿನ ಹೋಯಿತು. ಪ್ರಿಂಟರ್ ಮಾತ್ರ ಸಲೀಸು. ಪುಟ ಸಿದ್ಧ ಮಾಡುವುದೆಲ್ಲ ವಿಂಡೋಸಿನ ಡ್ರೈವರ್, ಲಿನಕ್ಸಿನದು ಬರೀ ಪೋಸ್ಟ್‌ಮ್ಯಾನ್ ಕೆಲಸ, ಬಂದದ್ದನ್ನು ಬಿಚ್ಚದೆ ತಲುಪಿಸುವುದು.

2003ರಲ್ಲಿ ಧನಿಗಳು ಎಕ್ಸ್‌ಪಿ ಇರುವ ಹೊಸ ಕಂಪ್ಯೂಟರ್ ತಂದರು. ಅದರಲ್ಲಿ ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು! ಖುಷಿಯಿಂದ 'ಬ್ರಹ್ಮಕಲಶ' ಅಂತ ಹೆಸರಿಟ್ಟು ಪೆಂಟಿಯಂಗೆ ಎಳೆದರೆ... ಊಹುಂ, ಹೋಗಲಿಲ್ಲ. ಸಾಂಬಾದ 2.2 ಆವೃತ್ತಿ ಫೈಲಿನ ಹೆಸರಿಗೆ ಹಳೇ ಕೋಡ್‌ಪೇಜುಗಳನ್ನು ನಂಬಿತ್ತು. ಇಂಗ್ಲಿಷಿಗೆ, ಯುರೋಪಿನ ಭಾಷೆಗಳಿಗೆ, ಜಪಾನಿಗೆ ಕೋಡ್‌ಪೇಜ್ ಉಂಟು, ಕನ್ನಡಕ್ಕೆ ವಿಂಡೋಸಿನಲ್ಲಿ ಅದು ಯಾವತ್ತೂ ಇರಲೇ ಇಲ್ಲ. 1991ರಲ್ಲೇ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದ ಕನ್ನಡ, ತಂತಿಯ ಮೇಲೆ ಮಾತ್ರ ಅನಾಥ. 2003ರ ಸೆಪ್ಟೆಂಬರಿನಲ್ಲಿ ಬಂದ ಸಾಂಬಾ 3.0 ತಂತಿಯ ಮೇಲೂ ಯುನಿಕೋಡ್ ಆಡಲು ಶುರು ಮಾಡಿತು. ತಮ್ಮ ಅದನ್ನು ಸೈಬರ್ ಕೆಫೆಯಲ್ಲಿ ಇಳಿಸಿ ಸಿಡಿಯಲ್ಲಿ ತಂದದ್ದು ನವೆಂಬರಿನಲ್ಲಿ. ಡಿಸೆಂಬರಿಗೆ ಮೂಡಬಿದ್ರಿಯಲ್ಲಿ 71ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಕಮಲಾ ಹಂಪನಾ ಅಧ್ಯಕ್ಷರು. ಅದಕ್ಕೆ ಹೊರಟ ನಮ್ಮೂರ ಗೆಳೆಯರ ಬಳಗದ ಕರಪತ್ರ ನಮ್ಮಲ್ಲೇ ಆಯಿತು. ಫೈಲಿನ ಹೆಸರು 'ಮೂಡಬಿದ್ರಿ ಸಮ್ಮೇಳನ'. ಎಳೆದೆ, ಹೋಯಿತು!

ಮೂಡಬಿದ್ರಿ ಅಂದಾಗ ಧವಳಾ ಗ್ರಂಥ ನೆನಪಾಗದೆ ಇರುವುದಿಲ್ಲ. ಹಳಗನ್ನಡ ಲಿಪಿಯ ಆ ತಾಳೆಗರಿಗಳು ಬಹುಕಾಲ ಅಲ್ಲಿಯ ಬಸದಿಯಲ್ಲಿ ದರ್ಶನಕ್ಕಷ್ಟೇ ಇದ್ದವು, ಓದಲು ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು, ಗುಟ್ಟಾಗಿ ಮಾಡಿದ ಒಂದು ಕನ್ನಡ ಪ್ರತಿ ಸಹಾರನ್‌ಪುರದವರೆಗೂ ಹೋಯಿತು. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಸಾಂಬಾದವರು ಯಾರ ಕೋಡನ್ನೂ ಪ್ರತಿ ಮಾಡಲಿಲ್ಲ, ಹೋಲಿಕೆ ಅಷ್ಟಕ್ಕಷ್ಟೆ. ಆದರೆ ಬೀಗ ಒಂದೇ ತರಹದ್ದು.

ಸಾಂಬಾದ ಬೀಗ ಕೋರ್ಟಿನಲ್ಲಿ ತೆಗೆಯಿತು. 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ಹಾಕಿ, ಸರ್ವರ್ ಭಾಷೆಯ ವಿವರ ಕೊಡಲು ಹೇಳಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಕಟ್ಟಿ ದಾಖಲೆ ಪಡೆಯುವ ಒಪ್ಪಂದವಾಯಿತು. ಅದನ್ನು ಓದಿ ಬರೆದ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಹಂಚಬಹುದು. ಸಾಂಬಾ 4 ಬಂದದ್ದು 2012ರಲ್ಲಿ.

ಬಸ್ಸು ಇನ್ನೂ ಬಂದಿರಲಿಲ್ಲ. ಧನಿಗಳ ಮನೆ ಹತ್ತಿರವೇ, ಹೋಗಿ ಮಾತಾಡಿಸಿದೆ. "ಕಂಪ್ಯೂಟರ್ ಗುಜರಿಗೆ ಹೋಯ್ತು, ಡಿಸ್ಕ್ ಮಾತ್ರ ಇಟ್ಟಿದ್ದೇನೆ, ತಕೊಂಡು ಹೋಗಿ" ಅಂದರು. ಮನೆಗೆ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, 'ಮೂಡಬಿದ್ರಿ ಸಮ್ಮೇಳನ', ಒಂದು ಒತ್ತಕ್ಷರವೂ ಕದಲಿಲ್ಲ. ಫೈಲು ತೆರೆದೆ. ಒಳಗಿನದು ಹಳೇ ಫಾಂಟಿನ ಬರಹ, ಆ ಫಾಂಟ್ ನನ್ನಲ್ಲಿಲ್ಲ. ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ!

ಆ ಫಾಂಟ್ ಯಾವುದೆಂದು ತಮ್ಮನಿಗೆ ಫೋನ್ ಮಾಡಿ ಕೇಳಿದ್ದೇನೆ, ಹುಡುಕಿ ಹೇಳ್ತೇನೆ ಅಂದಿದ್ದಾನೆ.